ಮೆದುಳಿನ ರಕ್ತನಾಳ ಒಡೆದ ಮನೆಗೆ ನೆರವಾಗುವುದು ಹೇಗೆ

ಮೇ ತಿಂಗಳು, ಬೆಳಗ್ಗೆ ಒಂಬತ್ತು ಗಂಟೆ. ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಅತ್ತಿಗೆ ಹಳೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಅರ್ಧ ಸಾಲು ಮುಗಿದಿತ್ತು. ಹಿಟ್ಟಿನ ಬೋಗುಣಿ ಬಿಟ್ಟು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಯವ್ವಾ, ತಲಿ ಸಿಡಿಲಕತ್ತದ" ಅಂದರು. ವಾಂತಿ ಆಯಿತು. ಆಮೇಲೆ ಮಾತಿಲ್ಲ.

ನಾವು ಏನು ಮಾಡಿದೆವು ಗೊತ್ತಾ? ಲಿಂಬೆ ಶರಬತ್ತು ಮಾಡಿದೆವು. "ಬಿಸಿಲು ಬಡದದ" ಅಂತ ಎಲ್ಲರೂ ಅಂದರು. ನಮ್ಮ ಕಡೆ ಮೇ ತಿಂಗಳಲ್ಲಿ ಯಾರಿಗೆ ತಲೆನೋವು ಬಂದರೂ ಬಿಸಿಲೇ ಕಾರಣ, ಅಲ್ವಾ? ಓಣಿಯ ಕ್ಲಿನಿಕ್ಕಿನಲ್ಲೂ ಅದೇ ಮಾತು. ಒಂದು ಇಂಜೆಕ್ಷನ್, ಒಂದು ಸಲೈನ್, ಮನೆಗೆ ಹೋಗಿ ಮಲಗಿಸಿ ಅಂದರು. ಸ್ಕ್ಯಾನ್ ಆಗುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಮೆದುಳಿನ ಸುತ್ತ ರಕ್ತ ಹರಡಿತ್ತು. ರಾತ್ರಿಯೇ ಹೈದರಾಬಾದಿಗೆ ಒಯ್ದೆವು. ಅಲ್ಲಿ 19 ದಿನ.

ಅತ್ತಿಗೆ ಉಳಿದರು. ಆದರೆ ಆ ದಿನಗಳಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎರಡನೇ ದಿನ ಐಸಿಯು ಹೊರಗೆ ನಮ್ಮವರು 23 ಮಂದಿ ಇದ್ದರು. ಮಾಡಲು ಒಬ್ಬರಿಗೂ ಕೆಲಸ ಇರಲಿಲ್ಲ. ಹನ್ನೊಂದನೇ ದಿನ ಅತ್ತಿಗೆಯ ಬಲಗೈ ಎತ್ತಲು ಆಗದೆ ಹೋದಾಗ ಅಣ್ಣನ ಜೊತೆ ನಾನೊಬ್ಬನೇ. ಮನೆಗೆ ಬಂದು ಮೂರು ತಿಂಗಳಾದ ಮೇಲಂತೂ ಫೋನೂ ಇಲ್ಲ. ಯಾರದೂ ತಪ್ಪಲ್ಲ. ಈ ಕಾಯಿಲೆ ಎಷ್ಟು ಉದ್ದ ಎಳೆಯುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ದಿನಗಳ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧದ ಮಾತು ಬಂದಾಗ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಮೊದಲ ಗಂಟೆ

ಸೈಕಲ್ ಟೈರ್ ಸವೆದ ಕಡೆ ಒಳಗಿನ ಟ್ಯೂಬ್ ಗುಳ್ಳೆಯ ಹಾಗೆ ಹೊರಗೆ ಉಬ್ಬುವುದನ್ನು ನೋಡಿರುತ್ತೀರಿ. ಮೆದುಳಿಗೆ ರಕ್ತ ಒಯ್ಯುವ ನಾಳದ ಗೋಡೆ ಒಂದು ಕಡೆ ಸೋತಾಗಲೂ ಹಾಗೇ ಉಬ್ಬುತ್ತದೆ. ಇದಕ್ಕೆ ಅನ್ಯೂರಿಸಂ ಅಂತಾರೆ. ನೂರರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆ. ಹೆಚ್ಚಿನವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ, ಒಡೆಯುವುದೂ ಇಲ್ಲ. ಒಡೆದರೆ ಮಾತ್ರ ಸಿಡಿಲು ಬಡಿದ ಹಾಗೆ.

ಗುರುತು ಒಂದೇ ಮಾತಿನಲ್ಲಿ: ನಿಧಾನಕ್ಕೆ ಏರಿದ ತಲೆನೋವಲ್ಲ, ಒಂದೇ ಕ್ಷಣದಲ್ಲಿ ತುದಿಗೆ ಹೋದ ತಲೆನೋವು. ಜೀವನದಲ್ಲಿ ಇಂಥದ್ದು ಬಂದೇ ಇಲ್ಲ ಅಂತ ಅವರೇ ಹೇಳುತ್ತಾರೆ. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಒಂದು ರೆಪ್ಪೆ ಜೋತು ಬೀಳುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು. ಎಲ್ಲವೂ ಬರಬೇಕು ಅಂತಿಲ್ಲ. ಬಿಸಿಲಿಗೆ ಬರುವ ತಲೆನೋವು ಹೀಗೆ ಒಂದೇ ಏಟಿಗೆ ಬರುವುದಿಲ್ಲ. ಅನುಮಾನ ಇದ್ದರೆ ಶರಬತ್ತು ಬಿಡಿ, 108 ಒತ್ತಿ.

ಗಾಡಿ ಬರುವವರೆಗೆ ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಉಸಿರಿನ ಕೊಳವೆಗೆ ಹೋಗಬಾರದು. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಫಿಟ್ಸ್ ಬಂದರೆ ಕೈಗೆ ಕೀಲಿಗೊಂಚಲು ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಸುತ್ತಲಿನ ಚೂಪಾದ ವಸ್ತು ಸರಿಸಿ, ಎಷ್ಟು ನಿಮಿಷ ಬಂತು ನೋಡಿಕೊಳ್ಳಿ, ಸಾಕು. ಮನೆಯಲ್ಲಿ ಯಾರೋ ಹೃದಯಕ್ಕೆ ನುಂಗುವ ಆಸ್ಪಿರಿನ್ ಇರುತ್ತದೆ. "ಲಕ್ವಾ ಹೊಡೆದಿರಬೇಕು, ಒಂದು ಕೊಡೋಣ" ಅನ್ನುವವರೂ ಇರುತ್ತಾರೆ. ಕೊಡಬೇಡಿ. ರಕ್ತ ಸೋರುತ್ತಿರುವಾಗ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರೆ ಏನಾಗಬಹುದು ಅಂತ ನೀವೇ ಯೋಚಿಸಿ.

ತಲೆನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಗೋಡೆ ಗಡಿಯಾರ ನೋಡಿ ಬರೆದುಕೊಳ್ಳಿ. ಮುಂದೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ.

ಎಲ್ಲಿಗೆ ಒಯ್ಯಬೇಕು

ಮೊದಲು ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ದವಾಖಾನೆಗೆ. ದೊಡ್ಡ ಹೆಸರಿನ ದವಾಖಾನೆ ಹುಡುಕುತ್ತಾ ಊರು ದಾಟಬೇಡಿ. ಶುರುವಾಗಿ ಆರು ಗಂಟೆಯೊಳಗೆ ಸ್ಕ್ಯಾನ್ ಆದರೆ ರಕ್ತ ಸೋರಿದ್ದು ಹೆಚ್ಚುಕಡಿಮೆ ಖಚಿತವಾಗಿ ಕಾಣುತ್ತದೆ. ತಡವಾದಷ್ಟೂ ತಪ್ಪಿಹೋಗುವ ಸಾಧ್ಯತೆ ಜಾಸ್ತಿ. ಸ್ಕ್ಯಾನ್ ಚೆನ್ನಾಗಿದ್ದೂ ಡಾಕ್ಟರ್ ಬೆನ್ನಿನಿಂದ ನೀರು ತೆಗೆದು ನೋಡಬೇಕು ಅಂದರೆ ಹೆದರಬೇಡಿ. ಆ ನೀರಿನಲ್ಲಿ ರಕ್ತದ ಗುರುತು ಇದೆಯಾ ಅಂತ ನೋಡಲಿಕ್ಕೆ ಅದು.

ಕಲಬುರಗಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ದವಾಖಾನೆ ಜಿಮ್ಸ್ ಇದೆ, ಇಎಸ್‌ಐ ಕಾರ್ಡ್ ಇದ್ದವರಿಗೆ ಸೇಡಂ ರಸ್ತೆಯ ಇಎಸ್‌ಐಸಿ ಇದೆ. ಅಂಥದ್ದೇ ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಒಂದು ಮಾತು ಹೇಳಲೇಬೇಕು. ಗಾಬರಿಯಲ್ಲಿ ನಮ್ಮವರು "ಜಯದೇವಕ್ಕೆ ನಡೀರಿ" ಅಂತಾರೆ. ಅದು ಹೃದಯದ ಆಸ್ಪತ್ರೆ. ಇದು ತಲೆಯದು.

ರಕ್ತ ಸೋರಿದ್ದು ಖಚಿತವಾದ ಮೇಲೆ ಎರಡನೇ ಪ್ರಶ್ನೆ: ಒಡೆದ ಉಬ್ಬನ್ನು ಮುಚ್ಚುವವರು ಎಲ್ಲಿದ್ದಾರೆ? ಇದಕ್ಕೆ ಎರಡು ದಾರಿ. ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ ಪುಟ್ಟ ಲೋಹದ ಕ್ಲಿಪ್ ಹಾಕುವುದು ಒಂದು. ತೊಡೆ ಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ತೆಳು ನಳಿಕೆ ಒಳಗೆ ಕಳಿಸಿ, ಉಬ್ಬಿನೊಳಗೆ ಕೂದಲೆಳೆಯಂಥ ತಂತಿಯ ಸುರುಳಿ ತುಂಬುವುದು ಇನ್ನೊಂದು. ಅದಕ್ಕೆ ಕಾಯ್ಲಿಂಗ್ ಅಂತಾರೆ. ಯಾವುದು ಒಳ್ಳೆಯದು ಅನ್ನುವುದು ಉಬ್ಬು ಎಲ್ಲಿದೆ, ಯಾವ ಆಕಾರ ಅನ್ನುವುದರ ಮೇಲೆ. ಓಣಿಯವರ ಅನುಭವದ ಮೇಲಲ್ಲ.

ಬೇರೆ ಊರಿಗೆ ಒಯ್ಯುವ ಮಾತು ಬಂದರೆ ಹೊರಡುವ ಮೊದಲೇ ಫೋನು ಮಾಡಿ ಮೂರು ಪ್ರಶ್ನೆ ಕೇಳಿ. ಈಗ ಐಸಿಯು ಬೆಡ್ ಇದೆಯಾ? ನ್ಯೂರೋ ಸರ್ಜನ್ ಈ ರಾತ್ರಿ ಇದ್ದಾರಾ? ಕ್ಲಿಪ್, ಕಾಯ್ಲ್ ಎರಡೂ ಅಲ್ಲಿ ಆಗುತ್ತದಾ? ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ 220ರ ಹತ್ತಿರ. ಸೊಲ್ಲಾಪುರ ಕಲಬುರಗಿಗೆ 110. ಬೆಂಗಳೂರಿನ ನಿಮ್ಹಾನ್ಸ್ ಒಳ್ಳೆಯದು, ಆದರೆ 600 ಕಿ.ಮೀ. ಹತ್ತಿರ. ಒಮ್ಮೆ ಸೋರಿದ ಉಬ್ಬು ಮೊದಲ 24 ಗಂಟೆಯಲ್ಲೇ ಮತ್ತೆ ಸೋರುವ ಅಪಾಯ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ದೂರವೂ ಔಷಧದಷ್ಟೇ ಮುಖ್ಯ. ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಬೇಡಿ. ವೆಂಟಿಲೇಟರ್ ಮತ್ತು ತಿಳಿದವರು ಇರುವ ಆಂಬುಲೆನ್ಸೇ ಬೇಕು. ಸ್ಕ್ಯಾನಿನ ಫಿಲ್ಮ್ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ನಾವು ಸಿ.ಡಿ. ಮರೆತಿದ್ದೆವು. ಹೈದರಾಬಾದಿನಲ್ಲಿ ಮೊದಲ ಅರ್ಧ ಗಂಟೆ ಅದರದ್ದೇ ಫೋನು.

ಒಂದು ಫೋನು, ಒಂದು ನೋಟ್‌ಬುಕ್

ಮನೆಯವರಿಗೆ ನೀವು ಮಾಡಬಹುದಾದ ಮೊದಲ ದೊಡ್ಡ ಉಪಕಾರ ಇದು. ಗಂಡನ ಅಥವಾ ಮಗನ ಕೈಯಿಂದ ಫೋನು ಇಸಿದುಕೊಳ್ಳಿ. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ಅಣ್ಣನಿಗೆ ಮೊದಲ ದಿನ ಬಂದ ಫೋನು ಎಣಿಸಿದರೆ ನೂರು ದಾಟಿತ್ತು. ಪ್ರತಿಯೊಬ್ಬರೂ "ಹ್ಯಾಂಗ ಅದಾಳ? ಏನಂದ್ರು ಡಾಕ್ಟರ್?" ಅಂತ ಶುರು ಮಾಡುತ್ತಿದ್ದರು. ಪ್ರತಿ ಸಲ ಅಣ್ಣ ಸಂಡಿಗೆಯಿಂದ ಹೇಳುತ್ತಾ ಬರಬೇಕು. ಕೇಳುವವರಿಗೆ ಒಂದು ಸಲ, ಹೇಳುವವನಿಗೆ ನೂರು ಸಲ.

ಸಂಜೆ ನಮ್ಮ ಕಾಕಾ ಫೋನು ತೆಗೆದುಕೊಂಡರು. ದಿನಕ್ಕೆ ಒಂದೇ ಸಲ, ರಾತ್ರಿ ಎಂಟಕ್ಕೆ, ಬಳಗದ ವಾಟ್ಸಾಪ್ ಗುಂಪಿಗೆ ನಾಲ್ಕು ಸಾಲು ಹಾಕುತ್ತಿದ್ದರು. ಬೇರೆ ಯಾರೂ ಏನೂ ಹಾಕಬಾರದು ಅಂತ ಕಟ್ಟುನಿಟ್ಟು. ಐಸಿಯುನಲ್ಲಿ ತೆಗೆದ ಫೋಟೊ ಹಾಕಿದ ಒಬ್ಬ ಭಾವನಿಗೆ ಎಲ್ಲರ ಮುಂದೆ ಬೈದರು. ಸರಿಯಾಗೇ ಬೈದರು. ತಲೆ ಬೋಳಿಸಿ, ಬಾಯಲ್ಲಿ ನಳಿಕೆ ಇಟ್ಟ ಹೆಂಗಸಿನ ಫೋಟೊ ಊರೆಲ್ಲ ತಿರುಗಬೇಕಾ?

ನೋಟ್‌ಬುಕ್ ನನ್ನ ಕೈಗೆ ಬಂತು. ಅತ್ತಿಗೆಯ ಮಗಳು ಪುಟ್ಟಿಯ ಗಣಿತದ ನೋಟ್‌ಬುಕ್ಕು. ಹಿಂದಿನ ಪುಟದಿಂದ ಶುರು ಮಾಡಿದೆ. ದಿನಾಂಕ, ಡಾಕ್ಟರ್ ಹೇಳಿದ್ದು ಅವರ ಮಾತಿನಲ್ಲೇ, ನಾವು ನಾಳೆ ಕೇಳಬೇಕಾದದ್ದು, ಕಟ್ಟಿದ ದುಡ್ಡು. ಡಾಕ್ಟರ್ ಜೊತೆ ಮಾತಾಡಲು ಯಾವಾಗಲೂ ಅದೇ ಇಬ್ಬರು ಹೋಗಬೇಕು, ಒಬ್ಬರು ಕೇಳಲು, ಒಬ್ಬರು ಬರೆಯಲು. ಗಾಬರಿಯಲ್ಲಿ ಇರುವ ಮನುಷ್ಯ ಕೇಳಿಸಿಕೊಂಡದ್ದರಲ್ಲಿ ಅರ್ಧ ಹೊರಗೆ ಬರುವಷ್ಟರಲ್ಲಿ ಮರೆತಿರುತ್ತಾನೆ.

ಕೆಲವು ಮಾತು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಜಿಸಿಎಸ್ ಅಂದರೆ ಎಚ್ಚರದ ಅಂಕ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಅಲುಗಾಟ ನೋಡಿ ಕೊಡುತ್ತಾರೆ. ಕಡಿಮೆ ಅಂದರೆ 3, ಪೂರ್ತಿ ಅಂದರೆ 15. ನಮ್ಮ ಮಾವ ಒಬ್ಬರು "ಎಂಟು ಬಂದದಂತ, ಪಾಸಾಗ್ಯಾಳ" ಅಂತ ಊರಿಗೆ ಸುದ್ದಿ ಕೊಟ್ಟಿದ್ದರು. ಎಂಟು ಅಂದರೆ ಗಂಭೀರ. ಇವಿಡಿ ಅಂದರೆ ತಲೆಯೊಳಗೆ ಕಟ್ಟಿಕೊಂಡ ನೀರು ಇಳಿಸುವ ಸಣ್ಣ ನಳಿಕೆ. ಅದರ ಚೀಲವನ್ನು ರೋಗಿಯ ಕಿವಿಯ ಮಟ್ಟಕ್ಕೆ ಅಳೆದು ಕಟ್ಟಿರುತ್ತಾರೆ. ಆರಾಮಾಗಲಿ ಅಂತ ನೀವೇ ಮಂಚದ ತಲೆಭಾಗ ಎತ್ತಿದರೆ ನೀರು ಇಳಿಯುವ ಲೆಕ್ಕವೇ ತಪ್ಪುತ್ತದೆ. ನರ್ಸನ್ನು ಕರೆಯಿರಿ.

ನಾಲ್ಕರಿಂದ ಹದಿನಾಲ್ಕು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಆಪರೇಷನ್ ಆಯಿತು, ಉಬ್ಬು ಮುಚ್ಚಿತು, ಕಣ್ಣು ತೆರೆದರು. ಎಲ್ಲರೂ ಕೈಮುಗಿದು ಊರಿಗೆ ಹೊರಡುತ್ತಾರೆ. ಆದರೆ ಸೋರಿದ ರಕ್ತ ಮೆದುಳಿನ ನಾಳಗಳನ್ನು ಕೆರಳಿಸಿರುತ್ತದೆ. ಸುಮಾರು 4ನೇ ದಿನದಿಂದ 14ನೇ ದಿನದವರೆಗೆ ಆ ನಾಳಗಳು ಮುದುಡಿಕೊಳ್ಳಬಹುದು. ಆಗ ಮೆದುಳಿನ ಒಂದು ಭಾಗಕ್ಕೆ ರಕ್ತ ಸಾಲದೆ ಲಕ್ವಾ ಹೊಡೆಯುತ್ತದೆ. ಡಾಕ್ಟರು ವಾಸೋಸ್ಪಾಸಂ ಅಂತ ಹೇಳುವುದು ಇದನ್ನೇ.

ಇದನ್ನು ತಡೆಯಲು ನಿಮೋಡಿಪಿನ್ ಅನ್ನುವ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, 21 ದಿನ, ಹಗಲು ರಾತ್ರಿ. ಅದಕ್ಕಿಂತ ಮೊದಲೇ ಡಿಸ್ಚಾರ್ಜ್ ಆದರೆ ಉಳಿದ ದಿನ ಮನೆಯಲ್ಲಿ ನೀವೇ ಕೊಡಬೇಕು. ಅಣ್ಣನ ಫೋನಿನಲ್ಲಿ ಐದು ಅಲಾರಂ ಇದ್ದವು. ರಾತ್ರಿ ಎರಡರದ್ದು ಮಾತ್ರ ನನ್ನ ಫೋನಿನಲ್ಲಿ, ಅಣ್ಣ ಒಂದು ಜೋಂಪು ನಿದ್ದೆ ಮಾಡಲಿ ಅಂತ. ಔಷಧದಂಗಡಿಯಲ್ಲಿ ಎಲ್ಲ ಕಡೆ ಸಿಗುವ ಮಾತ್ರೆ ಅಲ್ಲ ಇದು. ಊರಿಗೆ ಹೊರಡುವ ಮೊದಲೇ ಪೂರ್ತಿ ಕೋರ್ಸ್ ಕೊಂಡಿಟ್ಟುಕೊಳ್ಳಿ.

ನೀವು ನೆಂಟರಾಗಿದ್ದರೆ ಎರಡನೇ ದಿನ ಬರಬೇಡಿ. ಒಂಬತ್ತನೇ ದಿನ ಬನ್ನಿ. ಬಂದಾಗ ಕೂತು ಮಾತಾಡುವುದಕ್ಕಲ್ಲ, ಪಾಳಿಗೆ. ಮನೆಯವರಿಗೆ ಎಂಟು ತಾಸು ಬಿಡುವು ಕೊಟ್ಟು ಮಲಗಲು ಕಳಿಸಿ. ಪಾಳಿಯಲ್ಲಿ ಇರುವಾಗ ನೋಡಬೇಕಾದ್ದು ಇಷ್ಟೇ: ನಿನ್ನೆ ಇದ್ದ ಮಾತು ಇವತ್ತು ತೊದಲುತ್ತಿದೆಯಾ, ಒಂದು ಕೈ ಇನ್ನೊಂದಕ್ಕಿಂತ ಸೋತಿದೆಯಾ, ಸುಮ್ನೆ ನಿದ್ದೆಗೆ ಜಾರುತ್ತಿದ್ದಾರಾ, ತಲೆನೋವು ಜಾಸ್ತಿ ಆಗಿದೆಯಾ. ಅನುಮಾನ ಬಂದ ಕೂಡಲೇ ನರ್ಸಿಗೆ ಹೇಳಿ. ಅತ್ತಿಗೆಗೆ ಹನ್ನೊಂದನೇ ದಿನ ಚಮಚ ಹಿಡಿಯಲು ಆಗಲಿಲ್ಲ. "ಕೈ ಜೋಮು ಹಿಡದದ" ಅಂದರು. ಅಣ್ಣ ಹೌದೇನೋ ಅಂತ ತಿಕ್ಕುತ್ತಾ ಕೂತಿದ್ದ. ನೋಟ್‌ಬುಕ್ಕಿನಲ್ಲಿ ನಾಲ್ಕರಿಂದ ಹದಿನಾಲ್ಕು ಅಂತ ಕೆಂಪಿನಲ್ಲಿ ಬರೆದಿದ್ದೆ. ಓಡಿದೆ. ಕೈ ಈಗ ಮುಕ್ಕಾಲು ಪಾಲು ಸರಿಯಿದೆ.

ಒಳಗೆ ಹೋದಾಗ

ಐಸಿಯು ಒಳಗೆ ಹೋಗಲು ಐದು ನಿಮಿಷ ಕೊಡುತ್ತಾರೆ. ಒಬ್ಬರು ಸಾಕು. ಗಲಾಟೆ, ಜೋರು ಬೆಳಕು, ಕಿವಿಯ ಹತ್ತಿರ ಅಳು, ಇವೆಲ್ಲ ಬಿಪಿ ಏರಿಸುತ್ತವೆ. ಹೆಸರು ಹಿಡಿದು ಕರೆದು, ಕೈ ಮುಟ್ಟಿ, ಯಾರು ಬಂದಿದ್ದೀರಿ ಅಂತ ಹೇಳಿ. ನಿದ್ದೆ ಔಷಧದಲ್ಲಿ ಇದ್ದವರಿಗೂ ದನಿ ಕೇಳಿಸುತ್ತಿರಬಹುದು. "ಸಂಡಿಗೆ ಒಣಗಿದವು, ತೆಗೆದಿಟ್ಟೀವಿ" ಅಂತ ನಮ್ಮ ಅವ್ವ ಅತ್ತಿಗೆಗೆ ಹೇಳಿದರು. ಅದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯುತ್ತಿರಲಿಲ್ಲ.

ಶರಣಬಸವೇಶ್ವರ ಗುಡಿಯ ಭಸ್ಮವೂ ಬಂತು, ಬಂದೇನವಾಜ್ ದರ್ಗಾದ ದಾರವೂ ಬಂತು. ನಮ್ಮ ಊರಲ್ಲಿ ಎರಡೂ ಬರುವುದೇ. ಹಣೆಗೆ ಹಚ್ಚುವುದು, ದಿಂಬಿನ ಕೆಳಗೆ ಇಡುವುದು ನರ್ಸನ್ನು ಕೇಳಿ ಮಾಡಿ. ಬಾಯಿಗೆ ಮಾತ್ರ ತೀರ್ಥ, ನೀರು ಏನೂ ಬಿಡಬೇಡಿ. ನುಂಗುವ ಶಕ್ತಿ ಸೋತಿದ್ದರೆ ಒಂದು ಚಮಚ ನೀರೂ ಪುಪ್ಪುಸಕ್ಕೆ ಇಳಿದು ನ್ಯುಮೋನಿಯಾ ಮಾಡುತ್ತದೆ.

ಹೊರಗೆ ಕೂತವರ ಊಟದ ಬಗ್ಗೆಯೂ ಒಂದು ಮಾತು. "ಏನಾದರೂ ಬೇಕಾದರೆ ಹೇಳಿ" ಅನ್ನಬೇಡಿ, ಯಾರೂ ಹೇಳುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಪಕ್ಕದಲ್ಲಿಡಿ. ವಾರಗಟ್ಟಲೆ ಕೆಡುವುದಿಲ್ಲ. ಬ್ರಿಮ್ಸ್‌ನಲ್ಲಿ ಇದ್ದರೆ ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್ ಇದೆ, ಯಾರು ಬೇಕಾದರೂ ಹೋಗಿ ಉಣ್ಣಬಹುದು.

ದುಡ್ಡು

ಆಧಾರ್ ಮತ್ತು ರೇಷನ್ ಕಾರ್ಡ್ ಮೊದಲ ದಿನವೇ ತರಿಸಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಸೇರಿಸುವಾಗಲೇ, ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರ ಅವರ ಮೇಜಿಗೆ ಹೋಗಿ ಹೇಳಿ. ಬಿಲ್ ಕಟ್ಟಿದ ಮೇಲೆ ಹೇಳಿದರೆ ಕಷ್ಟ. ಗಡಿ ದಾಟುವ ಮೊದಲು "ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದಾ" ಅಂತ ಇಲ್ಲೇ ಕೇಳಿ. ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಫೋನು ಮಾಡಬಹುದು. ಮೂಲ ಬಿಲ್ಲುಗಳನ್ನು ಜೋಪಾನ ಮಾಡಿ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಬೇಕಾಗುತ್ತವೆ. ಯಾರು ಎಷ್ಟು ಕೊಟ್ಟರು ಅಂತ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೊಲ ಮಾರುವ ಮಾತು ಮೊದಲ ಮೂರು ದಿನ ಯಾರೂ ತೆಗೆಯಬಾರದು. ಆ ಮೂರು ದಿನದಲ್ಲೇ ಕೊಳ್ಳುವವರು ಬರುತ್ತಾರೆ, ಅದೂ ಅರ್ಧ ಬೆಲೆಗೆ.

ಮನೆಯಲ್ಲಿ ಉಳಿದವರು

ಮಕ್ಕಳಿಗೆ "ಅಮ್ಮ ಊರಿಗೆ ಹೋಗ್ಯಾಳ" ಅಂತ ಸುಳ್ಳು ಹೇಳಬೇಡಿ. ನಾವು ಹೇಳಿದೆವು. ಪುಟ್ಟಿಗೆ ಹತ್ತು ವರ್ಷ. ಆರನೇ ದಿನ ಅವಳು ನನ್ನ ತಂಗಿಯನ್ನು ಕೇಳಿದಳಂತೆ, "ಆವತ್ತು ನಾ ಮೊಬೈಲಿಗೆ ಜಗಳ ಮಾಡಿದ್ನಲ್ಲ, ಅದಕ್ಕ ಅಮ್ಮನ ತಲಿ ಒಡೀತಾ?" ಐದು ದಿನ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು ಮಗು. ತಲೆಯೊಳಗಿನ ನಾಳ ಸೋತಿತ್ತು, ಅದು ಯಾರಿಂದಲೂ ಆದದ್ದಲ್ಲ ಅಂತ ಮೊದಲ ದಿನವೇ ಹೇಳಬೇಕಿತ್ತು. ವಯಸ್ಸಾದ ತಾಯಂದಿರಿಗೂ ಅಷ್ಟೇ. ಬಿಪಿ ಇದೆ ಅಂತ ಮುಚ್ಚಿಡುತ್ತೇವೆ. ಅವರು ಓಣಿಯವರಿಂದ ತಿಳಿದುಕೊಳ್ಳುತ್ತಾರೆ, ಅದೂ ಎರಡು ಪಟ್ಟು ಹಿಗ್ಗಿಸಿದ ಸುದ್ದಿ.

ಉಳಿಯದಿದ್ದರೆ

ಎಲ್ಲರೂ ಉಳಿಯುವುದಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಹೋಗುವವರೂ ಇದ್ದಾರೆ. ಕೆಲವರ ಮೆದುಳು ಪೂರ್ತಿ ನಿಂತಿರುತ್ತದೆ, ಯಂತ್ರದಿಂದ ಎದೆ ಮಾತ್ರ ಏರಿಳಿಯುತ್ತಿರುತ್ತದೆ. ಮೈ ಬೆಚ್ಚಗಿರುತ್ತದೆ, ಹಾಗಾಗಿ ನಂಬುವುದು ಕಷ್ಟ. ಅಂಗದಾನಕ್ಕಾಗಿ ಮೆದುಳು ಸತ್ತಿದೆ ಅಂತ ಘೋಷಿಸಬೇಕಾದರೆ ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಲೇಬೇಕು, 1994ರ ಅಂಗಾಂಗ ಕಸಿ ಕಾಯ್ದೆ ಹಾಗೆ ಹೇಳುತ್ತದೆ. ಕರ್ನಾಟಕದಲ್ಲಿ ಅಂಗದಾನ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸಂಸ್ಥೆ. ಕೊಡುವುದೂ ಬಿಡುವುದೂ ಮನೆಯವರ ಇಷ್ಟ. ನೆಂಟರ ಕೆಲಸ ಒಂದೇ, ಆ ಕೋಣೆಯಿಂದ ಗದ್ದಲ ಹೊರಗಿಡುವುದು. "ಮೊದಲೇ ಬೆಂಗಳೂರಿಗೆ ಒಯ್ದಿದ್ದರೆ" ಅನ್ನುವ ಮಾತು ನುಂಗಿಕೊಳ್ಳಿ.

ಮನೆಗೆ ಬಂದ ಮೇಲೆ

ನಡೆಯುತ್ತಾರೆ, ಮಾತಾಡುತ್ತಾರೆ, ಹಾಗಾಗಿ ಎಲ್ಲ ಸರಿಹೋಯಿತು ಅಂತ ಊರು ತಿಳಿಯುತ್ತದೆ. ಅತ್ತಿಗೆ ಬೇಳೆಗೆ ಎರಡು ಸಲ ಉಪ್ಪು ಹಾಕುತ್ತಾರೆ. ರೊಟ್ಟಿ ಬಡಿಯಲು ಕೂತರೆ ನಾಲ್ಕಕ್ಕೆ ಸುಸ್ತು. ಮದುವೆ ಮನೆಯ ಮೈಕು ಕೇಳಿದರೆ ಅಳು ಬರುತ್ತದೆ. ಇದು ಸೋಮಾರಿತನ ಅಲ್ಲ, ನಾಟಕವೂ ಅಲ್ಲ. ದಣಿವು, ಮರೆವು, ಸಿಟ್ಟು ತಿಂಗಳುಗಟ್ಟಲೆ ಇರುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ. ಗೋಡೆಗೆ ಒಂದು ಹಲಗೆ ಹಾಕಿ, ಮಾಡಿದ ಕೆಲಸಕ್ಕೆ ಗೆರೆ ಎಳೆಯಲಿ. ಮಧ್ಯಾಹ್ನ ಎರಡು ತಾಸು ಮಲಗಲಿ, ಆ ಹೊತ್ತಿನಲ್ಲಿ ನೋಡಲು ಬರುವವರನ್ನು ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿ. ಮನಸ್ಸು ಕುಗ್ಗಿದರೆ, ನೋಡಿಕೊಳ್ಳುವವರದ್ದೂ ಸೇರಿ, 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಅದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಇಲ್ಲ.

ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಬೀಡಿ, ಸಿಗರೇಟು ಪೂರ್ತಿ ಬಂದ್, ಮನೆಯವರದ್ದೂ. ಗಾಡಿ ಓಡಿಸುವುದು ಡಾಕ್ಟರ್ ಹೇಳಿದ ಮೇಲೆ. ಮಕ್ಕಳಿಗೂ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಒಡಹುಟ್ಟಿದವರು, ತಂದೆತಾಯಿ, ಮಕ್ಕಳಲ್ಲಿ ಇಬ್ಬರು ಅಥವಾ ಹೆಚ್ಚು ಜನರಿಗೆ ಆಗಿದ್ದರೆ ಉಳಿದವರು ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಒಬ್ಬರಿಗೇ ಆಗಿದ್ದರೆ ಎಲ್ಲರನ್ನೂ ಸ್ಕ್ಯಾನಿಗೆ ಎಳೆದೊಯ್ಯಬೇಕಿಲ್ಲ.

ಕಾಯ್ಲ್ ಹಾಕಿದವರಿಗೆ ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮತ್ತೆ ಆಂಜಿಯೋಗ್ರಾಂ ಇರುತ್ತದೆ, ಸುರುಳಿ ಕುಗ್ಗಿದೆಯಾ ನೋಡಲು. ಅದಕ್ಕೆ ಒಯ್ಯಬೇಕಾದ್ದು: ಡಿಸ್ಚಾರ್ಜ್ ಚೀಟಿ, ಹಳೆ ಸಿ.ಡಿ., ಕಾಯ್ಲ್ ಯಾವುದು ಅಂತ ಬರೆದ ಕಾರ್ಡ್, ಈಗ ನುಂಗುವ ಮಾತ್ರೆಗಳ ಪಟ್ಟಿ. ಆ ಹೊತ್ತಿಗೆ ಬಳಗದ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಇರುತ್ತದೆ. ಜೊತೆಗೆ ಯಾರು ಹೋಗುತ್ತಾರೆ, ಮನೆಯಲ್ಲಿ ಮಕ್ಕಳ ಹತ್ತಿರ ಯಾರು ಇರುತ್ತಾರೆ ಅಂತ ಡಿಸ್ಚಾರ್ಜ್ ದಿನವೇ ಹೆಸರು ಹಿಡಿದು ಬರೆದಿಟ್ಟುಕೊಳ್ಳಿ. ನಮ್ಮ ನೋಟ್‌ಬುಕ್ಕಿನ ಕೊನೆಯಲ್ಲಿ ಕಾಕಾನ ಅಕ್ಷರದಲ್ಲಿ ಹೀಗಿತ್ತು: "ನವೆಂಬರ್. ಹೈದರಾಬಾದ್. ನಾ ಬರ್ತೀನಿ. ರೊಟ್ಟಿ ನಮ್ಮ ಮನಿಯವು."